ಕಲ್ಲಿನ ತುತ್ತು

ಎಲ್ಡರ್‌ಫರ್ಡ್, ಹ್ಯಾಂಪ್‌ಶೈರ್
೧೭ ಅಕ್ಟೋಬರ್ ೧೯೯೯

ಅಕ್ಕಾ,

ಫೋನಿನಲ್ಲಿ ನಿನ್ನ ಕಾರ್ಡಿನ ನಿಮಿಷ ಮುಗಿಯುವ ಹೊತ್ತಿಗೆ ನಾನಿನ್ನೂ "ಆರಾಮಾ?" ಅನ್ನುವುದರಲ್ಲೇ ಇರುತ್ತೇನೆ. ಅದಕ್ಕೇ ಈ ಕಾಗದ. ಚಹಾ ಇಟ್ಟುಕೊಂಡು ಕೂತು ಓದು, ಸುದ್ದಿ ದೊಡ್ಡದಿದೆ.

ಇವರಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಖಾಯಂ ಆಯಿತು. ಹತ್ತಿರದ ಹಳ್ಳಿಯಲ್ಲಿ ಮನೆ ಹಿಡಿದಿದ್ದೇವೆ. ಹಳ್ಳಿ ಅಂದರೆ ಒಂದು ಚರ್ಚು, ಒಂದು ಪಬ್ಬು, ಒಂದು ಅಂಚೆ ಕಚೇರಿ, ಎಂಟು ಹುಲ್ಲಿನ ಮಾಡಿನ ಮನೆ. ಹುಲ್ಲಿನ ಮನೆಯವರೇ ಇಲ್ಲಿ ಸಾಹುಕಾರರು, ನಗಬೇಡ. ನಮ್ಮ ಮನೆಗೂ ಇನ್ನೂರು ವರ್ಷವಂತೆ. ಕಿಟಕಿಗೆ ಬೇರೆ ಬಣ್ಣ ಹಚ್ಚಬೇಕಾದರೂ ಕೌನ್ಸಿಲ್‌ನವರಿಗೆ ಅರ್ಜಿ ಹಾಕಬೇಕು. ಹಳೆಯದನ್ನು ಹಳೆಯದಾಗಿಯೇ ಇಡುವುದಕ್ಕೆ ಇಲ್ಲಿನ ಜನ ಪಡುವ ಕಷ್ಟ ನೋಡಿದರೆ ಪಾಪ ಅನಿಸುತ್ತದೆ.

ಅಸಲಿ ಸುದ್ದಿ ಈಗ ಕೇಳು. ಮನೆಯ ಹಿಂದೆ ಹೊಳೆ ಇದೆ, ಹೊಳೆಯ ಮೇಲೆ ಗಿರಣಿ ಇದೆ. ನೀರಿನ ಗಿರಣಿ! ಕೆಳಗೆ ಇಟ್ಟಿಗೆ, ಮೇಲೆ ಬಿಳಿ ಬಣ್ಣದ ಹಲಗೆ, ಪಕ್ಕದಲ್ಲಿ ನಮ್ಮ ರಾಣೆಬೆನ್ನೂರಿನ ಮನೆಯ ಮಾಳಿಗೆ ಮುಟ್ಟುವಷ್ಟು ದೊಡ್ಡ ಚಕ್ರ. ಊರಿನ ರಿಟೈರ್ಡ್ ಮಂದಿ ಒಂದು ಟ್ರಸ್ಟ್ ಮಾಡಿಕೊಂಡು ಭಾನುವಾರಕ್ಕೊಮ್ಮೆ ಅದರಲ್ಲಿ ಗೋಧಿ ಬೀಸುತ್ತಾರೆ. ಎಲ್ಲರ ಮೇಲೆ ಯಜಮಾನಿಕೆ ಮಾರ್ಗರೆಟ್ ಎಂಬವಳದು. ಎಪ್ಪತ್ತು ದಾಟಿದ ಶಾಲೆಯ ಟೀಚರು, ಗಂಡಸರ ಬೂಟು ಹಾಕಿಕೊಂಡು ಓಡಾಡುತ್ತಾಳೆ. "ನಮ್ಮಪ್ಪನದೂ ಗಿರಣಿ ಇತ್ತು" ಅಂದೆ ನೋಡು, ಕುರ್ಚಿ ಬಂತು, ಚಹಾ ಬಂತು, ಕೇಕು ಬಂತು. ಮಿಲ್ಲರ್‌ನ ಮಗಳು ಎಂದು ಎಲ್ಲರಿಗೂ ಪರಿಚಯ ಮಾಡಿಸಿದಳು. ಊರಲ್ಲಿ "ಗಿರಣಿ ನಾಗಲಿಂಗಪ್ಪನ ಮಗಳು" ಅಂದರೆ ನನಗೆ ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತಲ್ಲ, ಇಲ್ಲಿ ಅದೇ ಮಾತಿಗೆ ಮರ್ಯಾದೆ!

ಮುಂದಿನ ಭಾನುವಾರದಿಂದ ನಾನೂ ಕೆಲಸಕ್ಕೆ ಹೋಗುತ್ತೇನೆ. ಅಪ್ಪ ಇದ್ದಿದ್ದರೆ ಎಷ್ಟು ನಗುತ್ತಿದ್ದ, ಅಲ್ಲೇನು?

ನಿನ್ನ ವಿಜಿ

*

ಪ್ಲೇನ್ಸ್‌ಬರೋ, ನ್ಯೂಜೆರ್ಸಿ
೯ ನವೆಂಬರ್ ೧೯೯೯

ವಿಜೀ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೆಯ ಸಲ ನಗು ಬರಲಿಲ್ಲ.

ಅಲ್ಲವೇ, ಗಿರಣಿ ಮುಂದೆ ಹಾಯುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದವಳು ನೀನು. ಅಪ್ಪ ಧಾರವಾಡದ ಹಾಸ್ಟೆಲಿಗೆ ಬಂದಾಗ "ಮೊದಲು ಅಂಗಿ ಝಾಡಿಸಿಕೋ" ಎಂದು ಗೇಟಿನಲ್ಲೇ ನಿಲ್ಲಿಸಿದವಳು ನೀನು. ಈಗ ನೀನು ಮಿಲ್ಲರ್‌ನ ಮಗಳಾದೆ. ಹಾಗಾದರೆ ನಾನು ಯಾರೇ? ಅಪ್ಪನ ಸೊಂಟ ಹಿಡಿದಾಗ ಪಿಯುಸಿ ಮುಗಿಸಿದ ನನ್ನನ್ನು ಗಿರಣಿಯಲ್ಲಿ ಕೂರಿಸಿದರು. ನಿನ್ನನ್ನು ಮುಂದೆ ಓದಲು ಕಳಿಸಿದರು. ಏಳು ವರ್ಷ ತಲೆಗೂದಲಲ್ಲಿ ಹಿಟ್ಟು ತುಂಬಿಕೊಂಡು ಕೂತವಳು ನಾನು. ಮದುವೆಗೆ ನೋಡಲು ಬಂದವರು ಹುಡುಗಿಗೆ ಕೂದಲು ನೆರೆತಿದೆ ಅಂದುಕೊಂಡಿದ್ದು ಮರೆತೆಯಾ? ಇರಲಿ. ನಗೆಚಾಟಿಕೆಗೆ ಬರೆದೆ.

ಇಲ್ಲಿ ಎಲ್ಲ ಫಸ್ಟ್ ಕ್ಲಾಸ್. ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳು ತಪ್ಪುತ್ತವಂತೆ, ಇವರದು ಆ ವೈಟುಕೆ ಗಡಿಬಿಡಿ. ಶನಿವಾರ, ಭಾನುವಾರ ಕೂಡ ಆಫೀಸು. ಕಾಂಪ್ಲೆಕ್ಸ್ ತುಂಬ ನಮ್ಮವರೇ. ಬರುವ ವರ್ಷ ಟೌನ್‌ಹೌಸ್ ನೋಡುತ್ತಿದ್ದೇವೆ. ತಾನ್ಯಾಳ ಸ್ಕೂಲಂತೂ ಇಡೀ ಸ್ಟೇಟಿನಲ್ಲೇ ಹೆಸರು ಮಾಡಿದೆ. ನನಗೆ ಹೆಂಡತಿಯರಿಗೆ ಕೊಡುವ ಈ ಎಚ್-ಫೋರ್ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಅದೊಂದು ಬಿಟ್ಟರೆ ಏನೂ ಕೊರತೆಯಿಲ್ಲ.

ಮೊನ್ನೆ ವುಡ್‌ಬ್ರಿಡ್ಜ್‌ನ ಅಂಗಡಿಯಲ್ಲಿ ಜೋಳದ ಹಿಟ್ಟಿನ ಪ್ಯಾಕೆಟ್ ಅಲ್ಲೇ ಒಡೆದು ಚಿಟಿಕೆ ತೆಗೆದು ಉಜ್ಜಿ ನೋಡಿದೆ. ಬರೀ ಬೂದಿ. ಒಂದು ಕಾಲಕ್ಕೆ ಹಿಟ್ಟಾಗಿತ್ತು ಅಂತ ಹೇಳಬಹುದು, ಅಷ್ಟೇ. ತಾನ್ಯಾಗೆ ನಾಚಿಕೆಯೋ ನಾಚಿಕೆ. "ಅಮ್ಮಾ, ಸ್ಟಾಪ್ ಇಟ್! ಇಟ್ಸ್ ಜಸ್ಟ್ ಫ್ಲೌರ್!" ಅಂದಳು. ನಿನ್ನದೇ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಅಂದರೂ ನಡೆದೀತು, ಅಷ್ಟು ನಿನ್ನ ಹಾಗೆ.

ಭಾನುವಾರ ಹೋಗುವಾಗ ಕೂದಲಿಗೆ ಬಟ್ಟೆ ಕಟ್ಟಿಕೋ.

ಪ್ರಭಾ

*

ಎಲ್ಡರ್‌ಫರ್ಡ್
೨೦ ಫೆಬ್ರವರಿ ೨೦೦೦

ಅಕ್ಕಾ,

ಬೈದು ಬರೆದರೂ ನಿನ್ನ ಕಾಗದ ಬಂದರೆ ನನಗೆ ಹಬ್ಬ. ಬಟ್ಟೆ ಕಟ್ಟಿಕೊಂಡೇ ಹೋಗುತ್ತಿದ್ದೇನೆ.

ಕಷ್ಟ ಒಂದಿದೆ. ಚಕ್ರ ತಿರುಗುತ್ತದೆ, ಕಲ್ಲು ತಿರುಗುತ್ತದೆ, ಹಿಟ್ಟೂ ಬೀಳುತ್ತದೆ. ಆದರೆ ಆ ಹಿಟ್ಟಿನ ರೊಟ್ಟಿ, ಅಂದರೆ ಇಲ್ಲಿನ ಬ್ರೆಡ್ಡು, ಮೇಲೆ ಏಳುವುದೇ ಇಲ್ಲ. ಬೀಸುವುದನ್ನು ಕಲಿತಿದ್ದ ಮುದುಕ ಒಬ್ಬನಿದ್ದಾನೆ, ಅವನಿಗೆ ಕಣ್ಣು ಮಂಜು. ಪುಸ್ತಕ ತೆಗೆದು ಎಲ್ಲರೂ ಚರ್ಚೆ ಮಾಡುತ್ತಾರೆ. ಕೊನೆಗೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನು ಗಂಭೀರವಾಗಿ ಹಿಟ್ಟು ಉಜ್ಜಿ "ಹ್ಞೂಂ" ಅನ್ನುತ್ತೇನೆ. ಆ ಹ್ಞೂಂ ಬಿಟ್ಟರೆ ನನಗೇನು ಗೊತ್ತು?

ಕ್ಯಾಮೆರಾ ರೋಲಿನ ಡಬ್ಬಿಯಲ್ಲಿ ಹಿಟ್ಟು ತುಂಬಿ ಕಳಿಸಿದ್ದೇನೆ. ನಿಮ್ಮ ಕಸ್ಟಮ್ಸ್‌ನವರು ಬಿಟ್ಟರೆ ನೋಡಿ ಹೇಳು. ನಿನ್ನನ್ನು ಕೇಳಿದೆನೆಂದು ಇಲ್ಲಿ ಯಾರಿಗೂ ಹೇಳುವುದಿಲ್ಲ.

ವಿಜಿ

*

ಪ್ಲೇನ್ಸ್‌ಬರೋ
೬ ಮಾರ್ಚ್ ೨೦೦೦

ವಿಜೀ, ನನ್ನ ಬಂಗಾರಾ,

ಡಬ್ಬಿ ಬಂತು! ತಾನ್ಯಾಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬಂದವಳು ಕೋಟು ಕೂಡ ಬಿಚ್ಚಲಿಲ್ಲ. ಬಾಗಿಲಲ್ಲೇ ಮುಚ್ಚಳ ತೆಗೆದೆ, ಅಂಗೈ ಮೇಲೆ ಸುರಿದುಕೊಂಡೆ, ಹೆಬ್ಬೆರಳಿನಿಂದ ಉಜ್ಜಿದೆ. ಒಂದು ನಿಮಿಷವೂ ಬೇಕಾಗಲಿಲ್ಲ. ನಿಮ್ಮ ಹಿಟ್ಟು ಬೆಂದಿದೆ ಕಣೇ! ಕಲ್ಲುಗಳನ್ನು ಒಂದರ ಮೇಲೊಂದು ಅದುಮಿ ಇಟ್ಟಿದ್ದೀರಿ. ಮೇಲ್ಗಲ್ಲನ್ನು ಕೂದಲೆಳೆಯಷ್ಟು ಎತ್ತು. ಹಿಟ್ಟು ಬೀಳುವ ಬಾಯಿಗೆ ಕೈಯೊಡ್ಡು. ನಿನ್ನ ಕೆನ್ನೆಯಷ್ಟು ಬೆಚ್ಚಗಿದ್ದರೆ ಸರಿ, ಜ್ವರ ಬಂದವರ ಹಣೆಯ ಹಾಗಿದ್ದರೆ ಕಲ್ಲು ಎತ್ತು. ಉಜ್ಜಿದಾಗ ಜಾರಬೇಕು, ಆದರೆ ಬೆರಳಿಗೆ ಸ್ವಲ್ಪ ಕಚ್ಚಬೇಕು.

ಇನ್ನೊಂದು. ಗೋಧಿ ಹಸಿ ಇದೆ. ನಿಮ್ಮ ಊರಿನ ಮಳೆಗೆ ಇರಲೇಬೇಕು. ಹಿಂದಿನ ದಿನವೇ ಮೇಲಿನ ಅಟ್ಟದಲ್ಲಿ ಹರಡಿ ಆರಿಸಿ.

ಎಷ್ಟು ದಿನವಾಯಿತೇ ಯಾರಾದರೂ ನನ್ನನ್ನು ಏನಾದರೂ ಕೇಳಿ! ಇಲ್ಲಿ ಕೇಳುವುದೆಲ್ಲ "ವಾಟ್ ಡಸ್ ಯುವರ್ ಹಸ್ಬೆಂಡ್ ಡೂ?" ಅಂತಲೇ. ಇನ್ನೂ ಕಳಿಸು. ಪ್ರತಿ ವಾರ ಕಳಿಸು. ಪೋಸ್ಟ್‌ಮ್ಯಾನ್ ಇವತ್ತು ನನ್ನ ಮುಖ ನೋಡಿ "ಗುಡ್ ನ್ಯೂಸ್?" ಅಂದ. ಹೌದಪ್ಪಾ ಹೌದು ಅಂದೆ, ಕನ್ನಡದಲ್ಲೇ.

ನಿನ್ನ ಅಕ್ಕ

*

ಎಲ್ಡರ್‌ಫರ್ಡ್
೨೧ ಮೇ ೨೦೦೦

ಅಕ್ಕಾ, ಅಕ್ಕಾ, ಅಕ್ಕಾ!

ಬ್ರೆಡ್ಡು ಎದ್ದಿತು! ನೀನು ಹೇಳಿದ ಹಾಗೆಯೇ ಕಲ್ಲು ಎತ್ತಿಸಿದೆ, ಗೋಧಿ ಆರಿಸಿದೆ. ಮಾರ್ಗರೆಟ್ ಓವನ್ನಿನ ಮುಂದೆ ಕುಣಿದಳು. ಕಳೆದ ಭಾನುವಾರ ದೇಶಕ್ಕೆಲ್ಲ ಗಿರಣಿಗಳ ದಿನ. ನಮ್ಮಲ್ಲಿಗೆ ಮುನ್ನೂರು ಜನ ಬಂದಿದ್ದರು. ಪೇಪರಿನವರೂ ಬಂದಿದ್ದರು. ಕಟಿಂಗ್ ಇಟ್ಟಿದ್ದೇನೆ, ನನ್ನ ಫೋಟೋ ನೋಡು. ಇಳಕಲ್ ಸೀರೆ ಉಟ್ಟು ಹಿಟ್ಟು ಉಜ್ಜುತ್ತಿದ್ದೇನೆ. ಇವರು ಅದನ್ನು ಆಸ್ಪತ್ರೆಯಲ್ಲಿ ಎಲ್ಲರಿಗೂ ತೋರಿಸಿದರಂತೆ.

ಈಗ ಹೆದರಿಕೆಯ ಮಾತು. ಮುದುಕನಿಗೆ ಕಣ್ಣಿನ ಆಪರೇಷನ್. ಸೆಪ್ಟೆಂಬರ್ ಹದಿನೇಳಕ್ಕೆ ಸುಗ್ಗಿಯ ಹಬ್ಬ. ಅವತ್ತು ಕಲ್ಲಿನ ಮುಂದೆ ನಾನೊಬ್ಬಳೇ ನಿಲ್ಲಬೇಕು. ಏನೇನು ನೋಡಿಕೊಳ್ಳಬೇಕು ಎಂದು ಒಂದೊಂದಾಗಿ ಬರೆದು ಕಳಿಸು. ಒಂದನ್ನೂ ಬಿಡಬೇಡ. ನೀನು ಬರೆದದ್ದನ್ನು ಗೋಡೆಗೆ ಅಂಟಿಸಿಕೊಂಡು ಅದರ ಪ್ರಕಾರವೇ ಮಾಡುತ್ತೇನೆ.

ವಿಜಿ

*

ಪ್ಲೇನ್ಸ್‌ಬರೋ
೩೦ ಜುಲೈ ೨೦೦೦

ವಿಜಯಲಕ್ಷ್ಮಿಗೆ,

ಕಾಗದ ತಲುಪಿತು. ಪುರುಸೊತ್ತಿರಲಿಲ್ಲ, ಉತ್ತರ ತಡವಾಯಿತು.

ಕಟಿಂಗ್ ಓದಿದೆ. ಡಿಕ್ಷನರಿ ಬೇಕಾಗಲಿಲ್ಲ, ನನಗೂ ಅಷ್ಟು ಇಂಗ್ಲಿಷ್ ಬರುತ್ತದೆ. "ಡಾಕ್ಟರರ ಪತ್ನಿ ಬಾಲ್ಯವನ್ನೆಲ್ಲ ತಂದೆಯ ಗಿರಣಿಯಲ್ಲಿ ಕಳೆದರು. ತಂದೆ ಈ ವಿದ್ಯೆಯನ್ನು ಅವರೊಬ್ಬರಿಗೇ ಕಲಿಸಿದರು. ಅಕ್ಕ ಇದ್ದರೂ ಆಕೆಗೆ ಇದರಲ್ಲಿ ಆಸಕ್ತಿಯಿರಲಿಲ್ಲ." ಚೆನ್ನಾಗಿದೆ. ಸೀರೆ ಕೂಡ ಚೆನ್ನಾಗಿದೆ. ಅದು ನನ್ನ ಸೀರೆ, ನಿನ್ನ ಮದುವೆಗೆ ಕೊಟ್ಟದ್ದು.

ಕೇಳಿದ್ದಕ್ಕೆ ಉತ್ತರ: ಕಾಳು ಒಣಗಿರಲಿ. ಕಲ್ಲು, ಕಡ್ಡಿ ಆರಿಸಿ ತೆಗೆ. ಶುರುವಿನಲ್ಲಿ ನೀರು ನಿಧಾನ ಬಿಡು. ಹಿಟ್ಟಿನ ಬಿಸಿ ನೋಡುತ್ತಿರು. ಸೆರಗು ಸಿಗಿಸಿಕೋ. ಇಷ್ಟೇ. ಉಳಿದದ್ದು ನಿನಗೆ ಗೊತ್ತೇ ಇದೆ, ಬಾಲ್ಯವನ್ನೆಲ್ಲ ಗಿರಣಿಯಲ್ಲಿ ಕಳೆದವಳು.

ಟೌನ್‌ಹೌಸ್ ಮಾತುಕತೆ ನಡೆದಿದೆ. ಎಲ್ಲ ಕ್ಷೇಮ.

ಪ್ರಭಾ ಮಹೇಶ್

*

ಎಲ್ಡರ್‌ಫರ್ಡ್
೨೫ ಸೆಪ್ಟೆಂಬರ್ ೨೦೦೦

ಅಕ್ಕಾ,

ಗಿರಣಿ ಮುಚ್ಚಿತು.

ಹಬ್ಬದ ದಿನ ಬೆಳಿಗ್ಗೆ ಎಲ್ಲ ಸರಿಯಿತ್ತು. ಮಧ್ಯಾಹ್ನ ಸ್ಕೂಲಿನ ಮಕ್ಕಳು ಬಂದರು. ಅವರ ಕೈಗೆ ಹಿಟ್ಟು ಕೊಟ್ಟು ಮಾತಾಡುತ್ತಾ ನಿಂತಿದ್ದೆ. ಮೇಲಿನ ತೊಟ್ಟಿಯಲ್ಲಿ ಕಾಳು ತೀರಿತು. ನೀರು ತುಂಬಾ ಇತ್ತು, ಚಕ್ರ ನಿಲ್ಲಲಿಲ್ಲ. ನಡುವೆ ಕಾಳಿಲ್ಲದೆ ಕಲ್ಲು ಕಲ್ಲಿಗೆ ತಾಗಿತು. ಮೊದಲು ಸದ್ದು, ಆಮೇಲೆ ಕಿಡಿ, ಸುಟ್ಟ ವಾಸನೆ. ಮಕ್ಕಳು ಕಿರುಚಿದವು. ಮಾರ್ಗರೆಟ್ ಆ ವಯಸ್ಸಿನಲ್ಲಿ ಏಣಿ ಇಳಿದು ಓಡಿಹೋಗಿ ನೀರಿನ ಬಾಗಿಲು ಹಾಕಿದಳು. ಯಾರಿಗೂ ಏನೂ ಆಗಲಿಲ್ಲ. ಬೀಸುವ ಕಚ್ಚುಗಳೆಲ್ಲ ಸವೆದು ಕಲ್ಲಿನ ಮುಖ ಹೋಯಿತು. ನೂರೈವತ್ತು ವರ್ಷದ ಕಲ್ಲು ಅಕ್ಕಾ, ಫ್ರಾನ್ಸಿನಿಂದ ತಂದದ್ದು. ಉಳಿಯಿಂದ ಮತ್ತೆ ಮುಖ ಕೊಡುವವರು ಈಗ ಎಲ್ಲೋ ಇಬ್ಬರು ಮೂವರು ಇದ್ದಾರಂತೆ.

ಕಾಳು ಕಡಿಮೆಯಾದರೆ ತಾನೇ ಬಾರಿಸುವ ಗಂಟೆಯೊಂದು ಹಿಂದೆ ಇತ್ತಂತೆ. ಈಗ ಅದು ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿದೆ, ಚೀಟಿ ಅಂಟಿಸಿಕೊಂಡು. ಮುದುಕ ಆಸ್ಪತ್ರೆಯಿಂದ ಬಂದವನು ತಲೆ ಮೇಲೆ ಕೈ ಹೊತ್ತು ಕೂತ. "ಖಾಲಿ ಬಿಡಬಾರದು ಅಂತ ನಾನು ಹೇಳಲಿಲ್ಲ, ಮಿಲ್ಲರ್‌ನ ಮಗಳಿಗೆ ಅದನ್ನು ಹೇಳುವುದೇ ಅವಮಾನ ಅಂದುಕೊಂಡೆ" ಅಂದ.

ನೀನು ಬರೆದದ್ದು ಗೋಡೆಯ ಮೇಲೆ ಇತ್ತು. ಅದರಲ್ಲೂ ಆ ಮಾತಿರಲಿಲ್ಲ. ಮರೆತೆಯೇನೋ. ಎಷ್ಟು ವರ್ಷದ ಮಾತು.

ವಿಜಿ

*

ಪ್ಲೇನ್ಸ್‌ಬರೋ
೬ ಅಕ್ಟೋಬರ್ ೨೦೦೦

ವಿಜೀ,

ಮರೆತಿಲ್ಲ. ಬೇಕೆಂದೇ ಬಿಟ್ಟೆ.

ಈ ಎರಡು ಮಾತು ಬರೆಯುವುದಕ್ಕೆ ನಾಲ್ಕು ಹಾಳೆ ಹರಿದೆ. ನಿನಗೆ ನೆನಪಿದೆಯೋ ಇಲ್ಲವೋ, ಅಪ್ಪನ ಗಿರಣಿಯಲ್ಲಿ ತೊಟ್ಟಿಯನ್ನು ಎಂದೂ ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ಕೊನೆಯ ಒಂದು ಬೊಗಸೆ ಕಾಳು ಇರುವಾಗಲೇ ಕಲ್ಲು ನಿಲ್ಲಿಸಬೇಕು. ಆ ಬೊಗಸೆಗೆ ಅಪ್ಪ ಕಲ್ಲಿನ ತುತ್ತು ಅನ್ನುತ್ತಿದ್ದ. "ನಮ್ಮ ಕಾಳು ನಮಗ ಪೂರಾ ಬೀಸಿ ಕೊಡ್ರಿ" ಎಂದು ಬೀಸಿಸಲು ಬರುತ್ತಿದ್ದ ಜವರಮ್ಮ ದಿನಾ ಜಗಳಕ್ಕೆ ನಿಲ್ಲುತ್ತಿದ್ದಳು. "ಬೇ, ಅದು ಕಲ್ಲಿನ ತುತ್ತು. ಅದನ್ನ ಕಸಗೊಂಡ್ರ ಕಲ್ಲು ಕಲ್ಲನ್ನೇ ತಿಂತದ" ಎಂದು ಅಪ್ಪ ಸಮಾಧಾನ ಹೇಳುತ್ತಿದ್ದ. ಆ ತುತ್ತು ಕಾಯುವುದೇ ನನ್ನ ಕೆಲಸ. ಎಂಟು ವರ್ಷದವಳಿದ್ದಾಗಿನಿಂದ. ಅಪ್ಪ ನನ್ನನ್ನು ಚೀಲಗಳ ಮೇಲೆ ಕೂರಿಸುತ್ತಿದ್ದ. ಕಾಳು ತಳ ಕಂಡ ಕೂಡಲೇ ನಾನು "ಅಪ್ಪಾ, ತುತ್ತು!" ಎಂದು ಕೂಗಬೇಕು. ಇದನ್ನು ನಾನು ಮರೆಯುತ್ತೇನೆಯೇ? ನನ್ನ ಹೆಸರು ಮರೆತರೂ ಇದನ್ನು ಮರೆಯಲಾರೆ.

ಹೊಟ್ಟೆಕಿಚ್ಚು, ವಿಜಿ. ಬೇರೆ ಏನೂ ಅಲ್ಲ. ಆ ಪೇಪರ್ ಕಟಿಂಗ್ ಓದಿದ ದಿನ ನನ್ನ ಮೈಯೆಲ್ಲ ಉರಿಯಿತು. ನಿನಗೆ ಕಾಲೇಜು ಸಿಕ್ಕಿತು, ನಾನು ಸುಮ್ಮನಿದ್ದೆ. ಡಾಕ್ಟರ್ ಗಂಡ ಸಿಕ್ಕಿದ, ಸಂತೋಷಪಟ್ಟೆ, ದೇವರಾಣೆಗೂ ಪಟ್ಟೆ. ಇನ್ನೂರು ವರ್ಷದ ಮನೆ, ಹೊಳೆ, ಚಕ್ರ, ಎಲ್ಲ ಸಿಕ್ಕಿತು. ನನ್ನ ಹತ್ತಿರ ಇದ್ದದ್ದು ಅಪ್ಪನ ಗಿರಣಿಯ ಏಳು ವರ್ಷ ಮಾತ್ರ. ಅದನ್ನೂ ನೀನು ಎತ್ತಿಕೊಂಡು ಸೀರೆ ಉಟ್ಟು ಫೋಟೋ ತೆಗೆಸಿಕೊಂಡೆ. "ಅಕ್ಕನಿಗೆ ಆಸಕ್ತಿಯಿರಲಿಲ್ಲ" ಎಂದು ಹೇಳುವಾಗ ನಿನ್ನ ನಾಲಿಗೆ ತಡವರಿಸಲಿಲ್ಲವೇ?

ಉತ್ತರ ಬರೆಯುವಾಗ ತುತ್ತಿನ ಮಾತು ಪೆನ್ನಿನ ತುದಿಗೆ ಬಂದಿತ್ತು. ಒಂದು ಸಲ ಅವಳು ಸೋಲಲಿ, ಎಲ್ಲರ ಮುಂದೆ ಗೊತ್ತಾಗಲಿ ಅಂದುಕೊಂಡೆ. ಹಿಟ್ಟು ಕೆಡುತ್ತದೆ, ನಗುತ್ತಾರೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕಿಡಿ ಹಾರುತ್ತದೆ ಎಂದು ನನಗೆ ಗೊತ್ತಿತ್ತು. ಹಿಟ್ಟಿನ ಧೂಳಿಗೆ ಬೆಂಕಿ ತಗುಲಿದ್ದರೆ ಆ ಮಕ್ಕಳ ಗತಿ ಏನಾಗುತ್ತಿತ್ತು? ಅದನ್ನು ನೆನೆದು ಮೂರು ದಿನದಿಂದ ತಾನ್ಯಾಳ ಸ್ಕೂಲ್ ಬಸ್ಸು ಕಣ್ಣಿಗೆ ಮರೆಯಾಗುವವರೆಗೂ ರಸ್ತೆಯಲ್ಲೇ ನಿಲ್ಲುತ್ತಿದ್ದೇನೆ.

ಟೌನ್‌ಹೌಸೂ ಇಲ್ಲ, ಏನೂ ಇಲ್ಲ. ಜೂನ್‌ನಲ್ಲಿ ಇವರ ಪ್ರಾಜೆಕ್ಟ್ ಮುಗಿಯಿತು. ಬೇರೆ ಕೆಲಸ ಸಿಗದೆ, ಕಂಪನಿಯವರ ಮಾತಿನಲ್ಲಿ ಬೆಂಚ್ ಮೇಲೆ, ಖಾಲಿ ಕೂತಿದ್ದಾರೆ. ನಿನಗೆ ಗೊತ್ತಾಗಬಾರದೆಂದು ಬರೆದ ಮಾತದು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಪ್ರಭಾ

*

ಪ್ಲೇನ್ಸ್‌ಬರೋ
೨೦ ಡಿಸೆಂಬರ್ ೨೦೦೦

ವಿಜೀ,

ಎರಡೂವರೆ ತಿಂಗಳಾಯಿತು. ಭಾನುವಾರ ಫೋನ್ ಮಾಡಿದ್ದೆ. ನಿನ್ನ ಯಜಮಾನರು ಎತ್ತಿದರು. ನೀನು ಮನೆಯಲ್ಲಿಲ್ಲ, ವಾಕಿಂಗ್ ಹೋಗಿದ್ದೀ ಅಂದರು. ಹಿಂದೆ ನಿನ್ನ ಕೆಮ್ಮು ಕೇಳಿಸಿತು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ, ಅವರನ್ನು ಹೀಗೆ ಕಷ್ಟಕ್ಕೆ ಸಿಕ್ಕಿಸಬೇಡ. ಬೈಯುವುದಿದ್ದರೆ ನೀನೇ ಎತ್ತಿ ಬೈ.

ಇವರಿಗೆ ವುಡ್‌ಬ್ರಿಡ್ಜ್‌ನಲ್ಲಿ ಕೆಲಸ ಸಿಕ್ಕಿತು. ಕೆಮ್ಮಿಗೆ ಕಷಾಯ ಮಾಡಿಕೊಂಡು ಕುಡಿ.

ಅಕ್ಕ

*

ಎಲ್ಡರ್‌ಫರ್ಡ್
೧೧ ಫೆಬ್ರವರಿ ೨೦೦೧

ಅಕ್ಕಾ,

ನಿನ್ನ ಅಕ್ಟೋಬರ್ ಕಾಗದ ಓದಿ ಅದನ್ನು ಒಲೆಗೆ ಹಾಕಬೇಕೆಂದು ಎದ್ದೆ. ಇಲ್ಲಿನ ಒಲೆ ಕರೆಂಟಿನದು, ಅದಕ್ಕೂ ಉಪಯೋಗಕ್ಕೆ ಬರಲಿಲ್ಲ. ಡ್ರಾಯರಿನಲ್ಲಿ ತುರುಕಿದೆ. ನೀನು ಹೀಗೆ ಮಾಡುತ್ತೀ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಮಗುವಿನ ಲಂಗಕ್ಕೆ ಕಿಡಿ ತಾಗಿ ತೂತಾಗಿತ್ತು. ಅದನ್ನು ನಿನಗೆ ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇನೆ, ನಿನಗೆ ನೋಯಲಿ ಎಂದೇ.

ಆದರೆ ನಾನು ಇನ್ನೊಂದನ್ನೂ ಬರೆದಿರಲಿಲ್ಲ.

ತುತ್ತಿನ ವಿಷಯ ನನಗೆ ಗೊತ್ತಿತ್ತು. ನೀನು ಚೀಲದ ಮೇಲೆ ಕೂರುತ್ತಿದ್ದಾಗ ನಾನು ಎಲ್ಲಿರುತ್ತಿದ್ದೆ, ಎಂದಾದರೂ ಹಿಂದೆ ತಿರುಗಿ ನೋಡಿದ್ದೆಯಾ? ಬಾಗಿಲಿನ ಹೊರಗೆ. ಅಪ್ಪ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. "ನೀ ಓದಾಕಿ, ಹಿಟ್ಟ ಹತ್ತಿಸ್ಕೋಬ್ಯಾಡ, ಮನಿಗ್ಹೋಗು" ಅನ್ನುತ್ತಿದ್ದ. ನೀನು "ತುತ್ತು!" ಎಂದು ಕೂಗುತ್ತಿದ್ದೆ, ಅಪ್ಪ ಕಲ್ಲು ತಿರುಗಿಸುವ ಪಟ್ಟಾ ಬಿಚ್ಚಿ ಬಂದು ನಿನ್ನನ್ನು ಎತ್ತಿ ಇಳಿಸಿ ತಲೆ ಸವರುತ್ತಿದ್ದ. ದಿನಾ ನೋಡುತ್ತಿದ್ದೆ. ಮೂಗು ಮುಚ್ಚಿಕೊಳ್ಳುವುದನ್ನು ಕಲಿತದ್ದು ಅದಾದ ಮೇಲೆ. ಧಾರವಾಡಕ್ಕೆ ಕಳಿಸಿದ್ದನ್ನು ನೀನು ಭಾಗ್ಯ ಅನ್ನುತ್ತೀ. ನನಗದು ಮನೆಯಿಂದ ದಬ್ಬಿದ ಹಾಗಿತ್ತು. ಪೇಪರಿನವನು ಕೇಳಿದಾಗ ಅಷ್ಟು ವರ್ಷದ ಆಸೆಯೆಲ್ಲ ಬಾಯಿಗೆ ಬಂತು. ನಾಲಿಗೆ ತಡವರಿಸಲಿಲ್ಲ ಅಕ್ಕಾ. ತಡವರಿಸಬೇಕಿತ್ತು.

ಸುಗ್ಗಿಯ ದಿನ ಕಾಳು ತಳಕ್ಕೆ ಬಂದದ್ದು ನನಗೆ ಕಾಣುತ್ತಿತ್ತು. ಕಣ್ಣಾರೆ ನೋಡುತ್ತಿದ್ದೆ. ಮಕ್ಕಳ ಜೊತೆ ಮಾತಾಡುತ್ತಿದ್ದೆ ಎಂದು ನಿನಗೂ ಮಾರ್ಗರೆಟ್‌ಗೂ ಹೇಳಿದ್ದು ಅರ್ಧ ಸುಳ್ಳು. ನೋಡುತ್ತಾ ಸುಮ್ಮನೆ ನಿಂತಿದ್ದೆ. ಯಾರೋ ಕೂಗುತ್ತಾರೆ ಎಂದು ಕಾಯುತ್ತಿದ್ದೆ. ನನ್ನ ತಲೆಯಲ್ಲಿ ಆ ಕೆಲಸ ನನ್ನದಲ್ಲ. ಯಾವಾಗಲೂ ಬೇರೆಯವರು ಕೂಗುತ್ತಿದ್ದರು. ನೀನು ಬರೆದಿದ್ದರೂ ಬಹುಶಃ ಹಾಗೇ ನಿಂತಿರುತ್ತಿದ್ದೆ.

ಕಳೆದ ವಾರ ಮಾರ್ಗರೆಟ್ ಮನೆಗೆ ಹೋಗಿ ಎಲ್ಲ ಹೇಳಿದೆ. ಪೇಪರಿನಲ್ಲಿ ಬರೆದ ಗಿರಣಿಯ ಹುಡುಗಿ ನಾನಲ್ಲ, ನನ್ನ ಅಕ್ಕ ಅಂದೆ. ನೀನು ಬೇಕೆಂದೇ ಬಿಟ್ಟದ್ದನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಅವಳು ಎದುರಿನ ಕುರ್ಚಿ ಎಳೆದು ಕೂತಳು. ಆಮೇಲೆ "ನನಗೂ ಒಬ್ಬಳು ತಂಗಿ ಇದ್ದಳು" ಅಂದಳು. ಅಷ್ಟೇ ಅಂದು ಚಹಾಕ್ಕೆ ನೀರಿಟ್ಟಳು.

ಕಲ್ಲಿಗೆ ಮುಖ ಕೊಡುವವನು ಮುಂದಿನ ತಿಂಗಳು ಬರುತ್ತಾನೆ. ಅವನು ಕೆತ್ತಿ ಹೋದ ಮೇಲೆ ಕಲ್ಲು ಕೂರಿಸಿ, ಹಿಟ್ಟು ನೋಡಿ, ಸರಿಯಿದೆ ಅನ್ನುವವರು ಬೇಕು. ಇಲ್ಲಿ ಯಾರಿಗೂ ಅದು ಬರುವುದಿಲ್ಲ. ಟ್ರಸ್ಟ್‌ನವರು ನಿನ್ನ ಹೆಸರಿಗೆ ಬರೆದ ಆಹ್ವಾನ ಇದರ ಜೊತೆ ಇದೆ, ವೀಸಾಕ್ಕೆ ಅದು ಸಾಕಂತೆ. ತಾನ್ಯಾಳನ್ನೂ ಕರೆದುಕೊಂಡು ಬಾ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ವಿಮಾನ ನಿಲ್ದಾಣದಲ್ಲಿ ನಗುಮುಖ ನಿರೀಕ್ಷಿಸಬೇಡ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ನೀನು ಬಂದು ಒಂದು ಚಿಟಿಕೆ ಹಿಟ್ಟು ಉಜ್ಜಿದರೆ ಸಾಕು, ಇವರೆಲ್ಲ ನನ್ನನ್ನು ಬಿಟ್ಟು ನಿನ್ನ ಸುತ್ತ ಸೇರುತ್ತಾರೆ. ಕುರ್ಚಿ ನಿನಗೆ ಹಾಕುತ್ತಾರೆ, ಕೇಕು ನಿನಗೆ ಕೊಡುತ್ತಾರೆ. ನಾನು ಮತ್ತೆ ಬಾಗಿಲಲ್ಲಿ ನಿಲ್ಲುತ್ತೇನೆ. ನನಗೆ ಹೊಟ್ಟೆ ಉರಿಯುತ್ತದೆ ಅಕ್ಕಾ, ಈಗಲೇ ಉರಿಯುತ್ತಿದೆ.

ಆದರೂ ಬಾ.

ವಿಜಿ